ದಾರಿಯ ಮೇಲಿನ ಚುಕ್ಕೆ

ಐಟಿ ಕಂಪನಿಗಳು ಒಂದರ ಹಿಂದೊಂದು ಹೈದರಾಬಾದಿಗೆ ಬರುತ್ತಿದ್ದ ಕಾಲ. ಸನತ್‌ನಗರದ ಅಚ್ಚಿನ ಬ್ಲಾಕ್ ಮಾಡುವ ಅಂಗಡಿಯೊಂದರಲ್ಲಿ ನನ್ನ ಕೆಲಸ. ನೆಗೆಟಿವ್ ಫಿಲ್ಮನ್ನು ದೀಪದ ಗಾಜಿನ ಮೇಲಿಟ್ಟು, ಧೂಳಿನಿಂದಾದ ಬೆಳಕಿನ ಚುಕ್ಕೆಗಳನ್ನು ಕೆಂಪು ಬಣ್ಣದಿಂದ ಮುಚ್ಚಬೇಕು. ಮುಚ್ಚಿದ್ದು ಅಚ್ಚಿನಲ್ಲಿ ಬೀಳುವುದಿಲ್ಲ. ನನ್ನ ಕೈ ಬಲು ಚೊಕ್ಕ ಎಂಬ ಜಂಬ ನನಗಿತ್ತು.

ಹೊಸ ಕಚೇರಿಯೊಂದರ ಗೋಡೆಗಳಿಗೆ ಹಳೆಯ ಡಚ್ ಚಿತ್ರಗಳ ಆರ್ಡರ್ ಬಂತು. ಮುನ್ನೂರು ಚಿಲ್ಲರೆ ವರ್ಷದ ಹಿಂದೆ, ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಿ ಅಚ್ಚು ತೆಗೆದ ಹೊಲ, ದಿಬ್ಬ, ಬಾಗಿದ ಮರ. ವ್ಯಾಪಾರದಲ್ಲಿ ದುಡ್ಡು ಕಂಡ ಪಟ್ಟಣದವರು ಹಳ್ಳಿಯ ನೋಟ ಕೊಂಡು ಮನೆಯಲ್ಲಿ ತೂಗುಹಾಕುತ್ತಿದ್ದರಂತೆ. ನೀರು ಬಸಿದು ಆ ನೆಲವನ್ನು ಹೊಲ ಮಾಡಿದ ಕೂಲಿಗಳು ಚಿತ್ರದಲ್ಲಿ ಸಾಸಿವೆ ಕಾಳಿನಷ್ಟು ಇರುತ್ತಿದ್ದರಂತೆ. ಅಂಗಡಿಯ ಮಾಲೀಕರು ಇದನ್ನೆಲ್ಲ ಹೇಳಿದ್ದು ಕೆಲಸ ಮುಗಿದ ಮೇಲೆ.

ಅದೇ ಕಚೇರಿಯ ಕಟ್ಟಡಕ್ಕೆ ಕಲ್ಲು ಹೊತ್ತವಳು ನನ್ನ ಅವ್ವ. ನಾನು ಚಿಕ್ಕವಳಿದ್ದಾಗ ಯಾದಗಿರಿ ಕಡೆಯಿಂದ ಅವಳ ಸೆರಗು ಹಿಡಿದೇ ಈ ಊರಿಗೆ ಬಂದದ್ದು. ಚಿತ್ರಗಳನ್ನು ಕಚೇರಿಗೆ ಕಳಿಸಿದ ಮೇಲೆ ಉಳಿದ ಒಂದು ಅಚ್ಚನ್ನು ಹೆಮ್ಮೆಯಿಂದ ಕಟ್ಟಡದ ಬಳಿಯ ನಮ್ಮ ಶೆಡ್ಡಿಗೆ ಒಯ್ದು ತೋರಿಸಿದೆ. ಅವಳು ಸುಮಾರು ಹೊತ್ತು ನೋಡಿದಳು.

"ಇಷ್ಟ್ ಹೊಲ ಐತಿ, ದಾರಿ ಐತಿ. ಮಂದಿ ಎಲ್ಲಿ ಹೋದ್ರು?"

ಮರುದಿನ ಅಂಗಡಿಯಲ್ಲಿ, ನಾವು ಫಿಲ್ಮ್ ತೆಗೆದಿದ್ದ ಮೂಲ ಚಿತ್ರಗಳ ಪುಸ್ತಕ ತೆರೆದೆ. ದಾರಿಯ ಮೇಲೆ ತಲೆಗೆ ಗಂಟು ಹೊತ್ತ ಹೆಂಗಸೊಬ್ಬಳಿದ್ದಳು. ನಾನು ಧೂಳೆಂದು ಮುಚ್ಚಿದ್ದು ಅವಳನ್ನು. ಇನ್ನೊಮ್ಮೆ ನೋಡುವ ಧೈರ್ಯವಾಗದೆ ಪುಸ್ತಕ ಮುಚ್ಚಿ ಮಾಲೀಕರ ಬಳಿ ಓಡಿದೆ. ಅವರು ಬೈಯಲಿಲ್ಲ. ಚಿತ್ರಗಳು ಆಗಲೇ ಗೋಡೆ ಏರಿದ್ದವು, ನೀಟಾಗಿವೆ ಎಂದು ಕಚೇರಿಯವರು ಹೊಗಳಿಯೂ ಆಗಿತ್ತು. ಬಾಯಿ ಮುಚ್ಚಿಕೊಂಡಿರು ಎಂದರು, ಮುಚ್ಚಿಕೊಂಡೆ. ಆ ಚಿತ್ರದಲ್ಲಿ ಮೊದಲಿಂದಲೂ ಯಾರೂ ಇರಲಿಲ್ಲ ಎಂದು ಅವ್ವನಿಗೆ ಸುಳ್ಳು ಹೇಳಿದೆ. ಅವಳು ನಂಬಿದಳೋ ಇಲ್ಲವೋ ತಿಳಿಯದು. ಕಚೇರಿಯ ಉದ್ಘಾಟನೆಗೆ ಮುನ್ನ ಕೂಲಿಗಳ ಶೆಡ್ಡುಗಳನ್ನು ಕಿತ್ತರು, ನಮ್ಮದನ್ನೂ.

ಅಂದಿನಿಂದ ಖಾಲಿ ರಸ್ತೆ ಕಂಡರೆ ನಿಂತು ನೋಡುತ್ತೇನೆ. ಅಲ್ಲಿ ಯಾರನ್ನೋ ನಾನೇ ಮುಚ್ಚಿದ್ದೇನೆ ಅನಿಸುತ್ತದೆ.

ಮುಂದೆ ಅಂಗಡಿ ಕಾಯಂ ಆಗಿ ಬಾಗಿಲು ಹಾಕಿದಾಗ ಆ ಫಿಲ್ಮನ್ನು ಕೇಳಿ ತಂದಿಟ್ಟುಕೊಂಡಿದ್ದೆ. ಅವ್ವ ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ಅದನ್ನು ಕಿಟಕಿಗೆ ಹಿಡಿದು, ಒದ್ದೆ ಹತ್ತಿಯಿಂದ ಬಣ್ಣ ಒರೆಸಿದೆ. ಹೆಂಗಸು ಬೆಳ್ಳಗೆ ಮೂಡಿದಳು. ಅವಳ ಹಿಂದೆ ಇನ್ನೊಂದು ಕೆಂಪು ಚುಕ್ಕೆಯಿತ್ತು. ಅದನ್ನು ಇಟ್ಟ ನೆನಪೇ ನನಗಿರಲಿಲ್ಲ. ಒರೆಸಿದೆ. ಅವಳ ಲಂಗ ಹಿಡಿದುಕೊಂಡು ಒಂದು ಸಣ್ಣ ಹುಡುಗಿ ನಡೆಯುತ್ತಿದ್ದಳು.