ಬಿಸಿಯಾಗದ ಗಾಡಿ

ಗಾಡಿಯ ಮುಂದಿನ ಗಾಜಿಗೆ ಕಟ್ಟಿದ ಮಂಜುಗಡ್ಡೆಯನ್ನು ಒಳಗಿನಿಂದಲೂ ಕೆರೆಯಬೇಕಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೊರಗಿನದು ಸರಿ, ರಾತ್ರಿಯಿಡೀ ಬಿದ್ದದ್ದು. ಒಳಗಿನದು ನಮ್ಮದೇ ಉಸಿರು. ಪಕ್ಕದಲ್ಲಿ ಕೂತ ಅತ್ತೆ ನಾಲ್ಕು ಮಾತಾಡಿದರೆ ಸಾಕು, ಆ ಹಬೆ ಗಾಜಿಗೆ ಅಂಟಿ, ಗಟ್ಟಿಯಾಗಿ, ಎದುರಿನ ರಸ್ತೆಯೇ ಕಾಣದಂತಾಗುತ್ತಿತ್ತು. ಆಗಾಗ ಗಾಡಿ ನಿಲ್ಲಿಸಿ, ದೋಸೆ ಮಗುಚುವ ಸಟ್ಟುಗದಿಂದ ಅದನ್ನು ಕೆರೆದು, ಮತ್ತೆ ಹೊರಡುತ್ತಿದ್ದೆ. ಸೊರಬ ತಾಲ್ಲೂಕಿನವರಲ್ಲಿ ಇಂಥ ಕೆಲಸ ಮಾಡಿದವಳು ನಾನೊಬ್ಬಳೇ ಇರಬೇಕು.

"ಸ್ವಲ್ಪ ಹೊತ್ತು ಮಾತಾಡ್ಬೇಡಿ ಅತ್ತೆ, ರಸ್ತೆನೇ ಕಾಣ್ತಾ ಇಲ್ಲ" ಎಂದರೆ, "ಇಷ್ಟು ದೂರ ಕರ್ಕಂಡು ಬಂದು ಬಾಯಿ ಮುಚ್ಕಂಡು ಕುಂದ್ರು ಅಂತೀಯಲ್ಲೇ" ಎಂದು ಇನ್ನೊಂದಿಷ್ಟು ಹಬೆ ಬಿಡುತ್ತಿದ್ದರು.

ನಾನು ಹೊಸಬಾಳೆಯವಳು, ಕೊಟ್ಟದ್ದು ಶಿಕಾರಿಪುರದ ಕಡೆ ಉಡುತಡಿಗೆ. ಗಂಡ ರಸ್ತೆ ಕೆಲಸದ ಯಂತ್ರ ಓಡಿಸುವವರು. ಅವರ ಗುತ್ತಿಗೆದಾರರು ಹಿಮಾಚಲದಲ್ಲಿ, ಮನಾಲಿಯ ಸುರಂಗ ದಾಟಿದರೆ ಸಿಗುವ ಲಾಹೌಲ್ ಕಣಿವೆಯಲ್ಲಿ ಕೆಲಸ ಹಿಡಿದಾಗ ನಮ್ಮ ಕಡೆಯ ಒಂದಿಷ್ಟು ಆಪರೇಟರ್‌ಗಳನ್ನೂ ಕರೆದುಕೊಂಡು ಹೋದರು. ಅಲ್ಲಿನ ರಾಜ್ಮಾ ತಿಂದು ತಿಂದು ಬೇಸತ್ತ ಇವರೆಲ್ಲ ಸೇರಿ ಅಡುಗೆ ಮಾಡಿ ಹಾಕಲು ನನ್ನನ್ನು ಕರೆಸಿಕೊಂಡರು. ರೊಟ್ಟಿ ತಟ್ಟಲು ಅತ್ತೆಯೂ ಹೊರಟರು. ಜೀವನವೆಲ್ಲ ಕುರಿ ಮೇಯಿಸಿದವರು, ಚಳಿ ಎಂದರೆ ಒಂದು ಕಂಬಳಿಯ ಮಾತು ಎಂದುಕೊಂಡಿದ್ದರು. ಕುರಿಗಳನ್ನು ದೊಡ್ಡ ಮಗಳ ಮನೆಗೆ ಬಿಟ್ಟು ಬಂದರು. ನಮ್ಮ ಹಳೆಯ ಜೀಪು ಯಂತ್ರಗಳ ಜೊತೆ ಲಾರಿ ಏರಿ ಬಂತು.

ನಮಗೆ ಸಿಕ್ಕಿದ್ದು ಕಲ್ಲು ಮಣ್ಣಿನ ದಪ್ಪ ಗೋಡೆಯ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ನಡುವೆ ತಂದೂರ್. ರೊಟ್ಟಿ ಸುಡುವ ತಂದೂರ್ ಅಲ್ಲ. ಇಲ್ಲಿಯವರು ಹಾಗೆ ಕರೆಯುವುದು ತಗಡಿನ ಸೌದೆ ಒಲೆಯನ್ನು, ಅದರ ಹೊಗೆಕೊಳವೆ ಮಾಳಿಗೆ ತೂರಿ ಮೇಲೆ ಹೋಗಿರುತ್ತದೆ. ಊರಿನಲ್ಲಿ ಬಂದವರಿಗೆ ಮೊದಲು ನೀರು ಕೊಟ್ಟು ಫ್ಯಾನ್ ಹಾಕುತ್ತೇವೆ. ಇಲ್ಲಿ ತಂದೂರಿನ ಪಕ್ಕದ ಜಾಗ ಬಿಟ್ಟುಕೊಡುತ್ತಾರೆ. ಮೊದಲ ಸಲ ಮನೆಯೊಡತಿ ನನ್ನನ್ನು ಎಳೆದು ಅಲ್ಲಿ ಕೂರಿಸಿದಾಗ, ಇವಳೇನು ನನ್ನನ್ನು ಬೇಯಿಸುತ್ತಾಳಾ ಎನ್ನಿಸಿತ್ತು. ಇಲ್ಲಿ 'ಜೂಲೇ' ಎಂದರೆ ನಮಸ್ಕಾರವೂ ಹೌದು, ಧನ್ಯವಾದವೂ ಹೌದು, ಹೊರಡುತ್ತೇನೆ ಎನ್ನುವುದೂ ಹೌದು. ಅತ್ತೆ ಆ ಒಂದೇ ಮಾತಿನಲ್ಲಿ ಇಡೀ ಬೀದಿಯ ಹೆಂಗಸರ ಸ್ನೇಹ ಸಂಪಾದಿಸಿದರು. ನಾನು ಹಿಂದಿಯ ಲಿಂಗಗಳಲ್ಲಿ ತೊಡರಿ ಬೀಳುತ್ತಿದ್ದಾಗ ಅವರು ಶೇಂಗಾ ಚಟ್ನಿ ಕೊಟ್ಟು ಒಣಗಿಸಿದ ಏಪ್ರಿಕಾಟ್ ತರುತ್ತಿದ್ದರು.

ಚಳಿಗಾಲಕ್ಕೆ ಮುಂಚೆ ಬೆಟ್ಟದ ಮೇಲಿನ ಕುರಿ ಮಂದೆಗಳೆಲ್ಲ ಕೆಳಗಿನ ಸೀಮೆಗೆ ಇಳಿದು ಹೋದವು. ಅತ್ತೆ ರಸ್ತೆ ಬದಿಯಲ್ಲಿ ನಿಂತು, ಕೊನೆಯ ಮಂದೆ ಮರೆಯಾಗುವವರೆಗೂ ನೋಡಿದರು.

"ಕುರಿಗೇ ಗೊತ್ತಾಗೈತೆ ಸುಜಾತಾ, ಇಲ್ಲಿರಬಾರ್ದು ಅಂತ" ಎಂದರು.

ಆ ಮಾತಿಗೆ ನಾನು ಹೆದರಿದೆ. ಗಂಡ ಬೆಳಕು ಹರಿಯುವ ಮೊದಲೇ ಹೋದರೆ ಕತ್ತಲಾದ ಮೇಲೆ ಬರುವುದು, ಬಂದರೂ ಉಂಡು ಮಲಗುವಷ್ಟೇ ತ್ರಾಣ. ದಿನವಿಡೀ ನನ್ನ ಜೊತೆ ಕನ್ನಡ ಮಾತಾಡುವ ಜೀವ ಅತ್ತೆ ಒಬ್ಬರೇ. ಅವರು ಊರಿಗೆ ಹೋದರೆ ನಾನು ಈ ಚಳಿಗಾಲವನ್ನು ಗೋಡೆಯ ಜೊತೆ ಮಾತಾಡಿ ಕಳೆಯಬೇಕು. ಮನೆಯೊಳಗೆ ತಂದೂರ್ ಇತ್ತು, ತೊಂದರೆ ಇರಲಿಲ್ಲ. ಅವರನ್ನು ಹಣ್ಣು ಮಾಡುತ್ತಿದ್ದದ್ದು ಮಧ್ಯಾಹ್ನ ಕೆಲಸದ ಜಾಗಕ್ಕೆ ಬುತ್ತಿ ಒಯ್ಯುವ ಆ ಜೀಪು. ಮನೆಯಲ್ಲೇ ಇರಿ ಎಂದರೆ ಕೇಳುತ್ತಿರಲಿಲ್ಲ, ಮಗನಿಗೆ ತಾವೇ ಬಡಿಸಬೇಕು. ಹೀಟರಿನ ಗುಂಡಿಯನ್ನು ಕೆಂಪು ಗುರುತಿನ ಕೊನೆಗೆ ತಿರುಗಿಸಿದರೆ ಅವರ ಮೊಣಕಾಲಿಗೆ ನೇರವಾಗಿ ತಣ್ಣನೆ ಗಾಳಿ ಬೀಸುತ್ತಿತ್ತು. ಆ ಗುಂಡಿಯನ್ನು ಆ ಕಡೆ ತಿರುಗಿಸಿದವರು ಶಿಕಾರಿಪುರದಲ್ಲಿ ಯಾರಿದ್ದಾರೆ? ಅದು ಎಂದಾದರೂ ಬಿಸಿ ಗಾಳಿ ಕೊಟ್ಟಿತ್ತೋ ಇಲ್ಲವೋ ನಮಗೆ ಗೊತ್ತೇ ಇರಲಿಲ್ಲ.

ನೋರ್ಬು ಎಂಬ ಮೆಕ್ಯಾನಿಕ್‌ನ ಶೆಡ್ಡು ನಮ್ಮ ಮನೆಯ ಕೆಳಗಿನ ತಿರುವಿನಲ್ಲಿದೆ. ನೀರು ಕಡಿಮೆಯಿರಬೇಕೆಂದು ಅವನು ಮೊದಲು ರೇಡಿಯೇಟರ್ ನೋಡಿದ. ಹೆಪ್ಪುಗಟ್ಟದ ಹಸಿರು ನೀರು ಕಂಠಮಟ್ಟ ಇತ್ತು. ಆಮೇಲೆ ಹೀಟರಿನ ಒಳಗಿನ ಜಾಲರಿ ಕಟ್ಟಿಕೊಂಡಿದೆ ಎಂದು ತೀರ್ಮಾನಿಸಿ, ಅದರ ಎರಡೂ ಪೈಪು ಬಿಚ್ಚಿ ನೀರು ಹಾಯಿಸಿ ತೊಳೆದ. ಈಗ ನೋಡಿ ಭಾಭಿ ಎಂದ. ನೋಡಿದೆವು. ಅದೇ ತಣ್ಣನೆ ಗಾಳಿ, ಇನ್ನಷ್ಟು ಜೋರಾಗಿ. ಅತ್ತೆಯ ಮಂಡಿ ಅಷ್ಟರಲ್ಲಿ ಊದಲು ಶುರುವಾಗಿತ್ತು.

ಇನ್ನೊಂದು ದಿನ ಎಂಜಿನ್ ಓಡಲು ಬಿಟ್ಟು ನೋರ್ಬು ಪೈಪುಗಳನ್ನು ಮುಟ್ಟಿ ಮುಟ್ಟಿ ನೋಡಿದ. ಹೀಟರಿಗೆ ಹೋಗುವ ಪೈಪೇ ಬರೀ ಉಗುರುಬೆಚ್ಚಗಿತ್ತು. ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತದಾ ಎಂದು ಕೇಳಿದ. ಅದನ್ನು ನಾನು ಕನ್ನಡದಲ್ಲಿ ಹೇಳುವುದೇ ತಡ, ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಯಾವತ್ತೂ ಎದ್ದಿಲ್ಲ ಅನ್ನು ಅವನಿಗೆ. ನನ್ನ ತಮ್ಮ ರಿಪೇರಿ ಮಾಡಿದ ಗಾಡಿ ಅದು. ಎಂಥ ಘಾಟಿ ಹತ್ತಿದ್ರೂ ಬಿಸಿ ಆಗಂಗಿಲ್ಲ!"

ಅತ್ತೆಯ ತಮ್ಮ ಶೇಖರಪ್ಪ ಮಾವನದು ಸೊರಬ ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜು. ಲಾರಿ ಹತ್ತಿಸುವ ಮೊದಲು ಜೀಪನ್ನು ಪೂರ್ತಿ ನೋಡಿ ಕಳಿಸಿದ್ದು ಅವರೇ. ನಾನು ಅತ್ತೆಯ ಮಾತನ್ನು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ನೋರ್ಬು ಗಂಭೀರನಾದ. ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು, ಹೊರಗಿನ ಗಾಳಿ ತಾಗದಂತೆ ರೇಡಿಯೇಟರಿಗೆ ಅಡ್ಡ ಇಟ್ಟ. ಸ್ವಲ್ಪ ಹೊತ್ತಿಗೆ ಮುಳ್ಳು ಕೂದಲೆಳೆಯಷ್ಟು ಎದ್ದಿತು, ಗಾಳಿಯ ಕೊರೆತವೂ ತುಸು ತಗ್ಗಿತು. ಅವನು ಎಂಜಿನ್ ಆರಿಸಿ, ಮೇಲಿನ ದಪ್ಪ ಪೈಪು ಸೇರುವ ಮುಚ್ಚಳ ಬಿಚ್ಚಿದ. ಒಳಗೆ ಒಂದು ವಾಲ್ವ್ ಇರಬೇಕಿತ್ತು. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಆ ಜಾಗ ಖಾಲಿಯಿತ್ತು. ತಡೆಯಿಲ್ಲದ ನೀರು ಸದಾ ರೇಡಿಯೇಟರಿನಲ್ಲಿ ತಣಿಯುತ್ತಿದ್ದುದರಿಂದ ಹೀಟರಿಗೆ ಕೊಡಲು ಎಂಜಿನ್ನಿನಲ್ಲಿ ಬಿಸಿಯೇ ಉಳಿಯುತ್ತಿರಲಿಲ್ಲ.

ನಾನು ಅಲ್ಲಿಂದಲೇ ಮಾವನಿಗೆ ಫೋನ್ ಮಾಡಿದೆ. ಕೈಗವಸು ಹಾಕಿಕೊಂಡು ಕಿವಿಗೆ ಹಿಡಿಯಲಾಗದೆ ಸ್ಪೀಕರ್ ಹಾಕಿದ್ದೆ.

"ವಾಲ್ವಾ? ಅದನ್ನ ನಾನೇ ತೆಗ್ದಾಕಿದ್ದು ಕಣಮ್ಮ" ಎಂದರು ಮಾವ, ಸಂತೋಷವಾಗಿಯೇ. "ನಮ್ಮ ಕಡೆ ಎಲ್ಲಾ ಗಾಡಿಗೂ ತೆಗ್ದೇ ಬಿಡೋದು. ಅದು ಹಿಡ್ಕಂಡ್ರೆ ಎಂಜಿನ್ ಕಾದು ಹೆಡ್ಡೇ ಹೋಗುತ್ತೆ. ಅಷ್ಟು ದೂರ ಬೆಟ್ಟದಾಗೆ ನಮ್ಮಕ್ಕ ನಡುದಾರಿಲಿ ನಿಲ್ಲಬಾರ್ದು ಅಂತ ನೆನಪಿಟ್ಟು ತೆಗ್ದೆ."

ಮಾತು ಮುಗಿದ ಮೇಲೆ ಅವರಿಗೇ ಏನೋ ಹೊಳೆಯಿತು.

"ಅಲ್ಲಿ ಬಿಸಿ ಬೇಕೇನಮ್ಮ?" ಎಂದು ಕೇಳಿದರು. ನಾನು ಹೂಂ ಎಂದೆ. ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕಂಗೆ ಹೇಳ್ಬ್ಯಾಡ" ಎಂದರು.

ಅಕ್ಕ ನನ್ನ ಪಕ್ಕದಲ್ಲೇ ಇದ್ದರು. ಮಂಡಿ ನೀವಿಕೊಳ್ಳುತ್ತಿದ್ದ ಕೈಯನ್ನು ತೆಗೆದು ಸೆರಗಿನೊಳಗೆ ಇಟ್ಟುಕೊಂಡರು. ಫೋನ್ ಇಟ್ಟ ಮೇಲೆ, "ಅವನೇನು ಕೆಟ್ಟದ್ದಕ್ಕೆ ಮಾಡಿದ್ನಾ? ನೀನು ಮತ್ತೆ ಆ ಮಾತು ಎತ್ತಬ್ಯಾಡ ಅವನ ಹತ್ರ" ಎಂದು ನನಗೇ ತಾಕೀತು ಮಾಡಿದರು.

ಹೊಸ ವಾಲ್ವ್ ಕೆಳಗಿನ ಪೇಟೆಯಿಂದ ಬರಬೇಕಿತ್ತು. ಮೊದಲು ಬೇರೆ ಅಳತೆಯದು ಬಂತು, ಆಮೇಲೆ ಹಿಮ ಬಿದ್ದು ರಸ್ತೆ ನಿಂತಿತು. ಈ ನಡುವೆ ಅತ್ತೆ ಗೋಡೆ ಹಿಡಿದು ನಡೆಯುವಂತಾದರು. ಡಾಕ್ಟರು ಮಂಡಿ ಒತ್ತಿ ನೋಡಿ, ಈ ಚಳಿಗಾಲ ಇವರನ್ನು ಇಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಗಂಡ ರೈಲಿಗೆ ಟಿಕೆಟ್ ಮಾಡಿಸಿದರು. ನಾನು ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ, ಅತ್ತೆಯ ಜೊತೆಯೂ. ಇದ್ದಷ್ಟು ದಿನವಾದರೂ ಮಾತಾಡಬೇಕಿತ್ತು ಎಂದು ಈಗ ಸಂಕಟವಾಗುತ್ತದೆ.

ವಾಲ್ವ್ ಬಂದದ್ದು ಅವರು ಹೊರಡುವ ಹಿಂದಿನ ದಿನ. ನೋರ್ಬು ಕೂರಿಸಿದ, ಹಸಿರು ನೀರು ತುಂಬಿದ, ಒಳಗೆ ಸಿಕ್ಕಿಕೊಂಡ ಗಾಳಿ ಬಿಟ್ಟ. ಮಾರನೆಯ ಬೆಳಿಗ್ಗೆ ಮನಾಲಿಗೆ ಇಳಿಯುವಾಗ ಮುಳ್ಳು ಮೆಲ್ಲಗೆ ಮೇಲೆದ್ದು ನಡುವಿಗೆ ಬಂದು ನಿಂತಿತು. ಗಾಜು ತಾನಾಗಿ ತಿಳಿಯಾಯಿತು. ಅತ್ತೆ ಕಂಬಳಿ ಸರಿಸಿ, ಎರಡೂ ಅಂಗೈಗಳನ್ನು ಗಾಳಿಗೆ ಹಿಡಿದರು.

"ಎಷ್ಟು ಹಿತ ಐತಲ್ಲೇ" ಎಂದರು. ಸುರಂಗದೊಳಗೆ ಅರ್ಧ ದಾರಿ ಬಂದ ಮೇಲೆ, ನನ್ನ ಕಡೆ ನೋಡದೆ, "ಮೊದ್ಲೇ ಹಿಂಗಿದ್ದಿದ್ರೆ ಇರ್ತಿದ್ದೆ" ಎಂದರು. ಗಾಜು ತಿಳಿಯಾಗಿದ್ದರೂ ನನಗೆ ರಸ್ತೆ ಮಸುಕಾಯಿತು.

ಊರಿನಲ್ಲಿ ನಾನು ತವರಿಗೆ ಹೊರಟಾಗಲೆಲ್ಲ ಅತ್ತೆ ತಲೆ ಸವರಿ, "ತಣ್ಣಗಿರವ್ವ" ಎಂದು ಹರಸಿ ಕಳಿಸುತ್ತಿದ್ದರು. ನಮ್ಮ ಬಿಸಿಲಿನ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹಾರೈಕೆ ಯಾವುದಿದೆ? ಮನಾಲಿಯ ಬಸ್ ನಿಲ್ದಾಣದಲ್ಲಿ, ಊರಿಗೆ ಹೊರಟಿದ್ದ ಆಪರೇಟರ್ ಒಬ್ಬರ ಜೊತೆ ಅವರನ್ನು ಕೂರಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರ ಕೈ ನನ್ನ ತಲೆಯ ಮೇಲೆ ಬಂತು. "ತಣ್ಣ..." ಎಂದವರು ಅಲ್ಲಿಗೇ ನಿಲ್ಲಿಸಿ, ಯೋಚಿಸಿ, ಮಾತು ತಿದ್ದಿಕೊಂಡರು.

"ಬೆಚ್ಚಗಿರು" ಎಂದರು.

ಈ ನೆಲಕ್ಕೆ ಸರಿಯಾದ ಮಾತು ಅದೇ. ಮನೆಯೊಡತಿಗಾದರೂ ಅವರು ಅದನ್ನೇ ಹೇಳಿರುತ್ತಿದ್ದರು. ಬಸ್ಸು ಹೊರಟ ಮೇಲೆ ಬೆಚ್ಚಗಿನ ಜೀಪಿನಲ್ಲಿ ಒಬ್ಬಳೇ ಕೂತು, ನನಗೆ ಬೇಕಾಗಿದ್ದದ್ದು ಅರ್ಧಕ್ಕೇ ನಿಂತ ಆ ಇನ್ನೊಂದು ಮಾತು ಎಂದು ಅತ್ತುಬಿಟ್ಟೆ.