ಕೇಳಿ ಹಾಕಿಸಿಕೊಂಡ ಪಲ್ಯ

ನಮ್ಮ ಮನೆಯಲ್ಲಿ ಅನ್ನಕ್ಕೆ ಹೆಸರಿಡುವಂತಿರಲಿಲ್ಲ. ಉಪ್ಪು ಕಡಿಮೆ, ಖಾರ ಹೆಚ್ಚು, ರೊಟ್ಟಿ ಸೀದಿದೆ ಎಂದು ಯಾರಾದರೂ ಬಾಯಿ ಬಿಟ್ಟರೆ ಅಪ್ಪ ಬಯ್ಯುತ್ತಿರಲಿಲ್ಲ. ತಾನೇ ಅರ್ಧ ಊಟಕ್ಕೆ ಕೈ ತೊಳೆದು ಎದ್ದುಬಿಡುತ್ತಿದ್ದ. ಬೈಗುಳವಾದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ಅಪ್ಪ ಉಪವಾಸ ಎದ್ದ ದಿನ ಯಾರ ಗಂಟಲಲ್ಲೂ ತುತ್ತು ಇಳಿಯುತ್ತಿರಲಿಲ್ಲ. ಇಂಥ ಒಳ್ಳೆಯವರ ಜೊತೆ ಬಾಳುವುದು ಕೆಟ್ಟವರ ಜೊತೆ ಬಾಳುವುದಕ್ಕಿಂತ ಕಷ್ಟ.

ಅಪ್ಪ ಕೊಪ್ಪಳದಲ್ಲಿ ಸರಕಾರಿ ಕಚೇರಿಯ ಗುಮಾಸ್ತ. ದಿನವಿಡೀ ಉರ್ದು ಕಾಗದ ಬರೆಯುವ ಕೆಲಸ. ಊರ ಹೊರಗೆ ಹೊಸದಾಗಿ ಎದ್ದ ನಾಲ್ಕಾರು ಮನೆಗಳಲ್ಲಿ ನಮ್ಮದೂ ಒಂದು. ಹಿತ್ತಲೆಂದರೆ ಬರೀ ಕಲ್ಲುನೆಲ. ಅದರ ಮೇಲೆ ಅಪ್ಪ ಹಿಟ್ನಾಳದ ಕಡೆಯಿಂದ ಬಂಡಿಗಟ್ಟಲೆ ಎರೆಮಣ್ಣು ತರಿಸಿ ಹಾಕಿದ್ದ. ಬಚ್ಚಲ ನೀರು ಬಾಳೆಗೆ, ಬೇಳೆ ತೊಳೆದ ನೀರು ಕರಿಬೇವಿಗೆ, ಒಲೆಯ ಬೂದಿ ಬದನೆಯ ಹುಳಕ್ಕೆ, ಆಕಳ ಸಗಣಿ ಎಲ್ಲದರ ಬುಡಕ್ಕೆ. ಎರಡನೆಯ ಮಹಾಯುದ್ಧ ಶುರುವಾಗಿ ಸಂತೆಯಲ್ಲಿ ಒಂದಿದ್ದರೆ ಒಂದಿಲ್ಲ ಎನ್ನುವಂತಾದಾಗ ನಮ್ಮ ಹೊಟ್ಟೆ ತುಂಬಿಸಿದ್ದು ಆ ಹಿತ್ತಲೇ. ಪುಂಡಿಪಲ್ಯ, ಚವಳಿಕಾಯಿ, ಹೀರೇಕಾಯಿ, ಬಚ್ಚಲ ಚಪ್ಪರದ ಮೇಲೆ ಸೋರೆಕಾಯಿ.

ಇದನ್ನೆಲ್ಲ ಬೆಳೆದವಳು ನನ್ನ ವೈನಿ, ಅಣ್ಣನ ಹೆಂಡತಿ. ಅಣ್ಣ ಗಂಗಾವತಿಯ ಬಟ್ಟೆ ಅಂಗಡಿಯಲ್ಲಿದ್ದ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ವೈನಿಯ ಕೈಗುಣ ಓಣಿಗೆಲ್ಲ ಗೊತ್ತಿತ್ತು. “ಆಕಿ ಒಣ ಕಟಗಿ ಊರಿದ್ರೂ ಚಿಗೀತೈತಿ” ಎಂದು ಅವ್ವನೇ ಹೇಳುತ್ತಿದ್ದಳು. ಅಡುಗೆಯಲ್ಲೂ ಅದೇ ಕೈ. ಆಕೆ ಬಡಿದ ರೊಟ್ಟಿ ಉಬ್ಬದೆ ಉಳಿದದ್ದನ್ನು ನಾನು ಕಂಡಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಅದಕ್ಕೆ ಸೋಮವಾರ ಉಪವಾಸ ಹಿಡಿದಿದ್ದಳು. ಸೂರ್ಯ ಮುಳುಗುವವರೆಗೆ ನಾಲಿಗೆಗೆ ನೀರು ಸಹ ಸೋಕಿಸುತ್ತಿರಲಿಲ್ಲ.

ನನಗಾಗ ಹನ್ನೊಂದು. ಅವ್ವ ಅಕ್ಕನ ಬಾಣಂತನಕ್ಕೆಂದು ಕುಷ್ಟಗಿಗೆ ಹೋಗಿದ್ದಳು. ಬೇಸಿಗೆ, ಬಾವಿ ತಳ ಕಂಡಿತ್ತು, ಬಳ್ಳಿಗಳು ಬಾಡಿದ್ದವು. ಭಾನುವಾರ ನಾನು ಬೆಂಡೆಕಾಯಿ ಪಲ್ಯ ಲೋಳೆಯಾಗಿದೆ ಎಂದು ಮೂಗು ಮುರಿದೆ. ಅಪ್ಪ ಕೈ ತೊಳೆದು ಎದ್ದು ಹೋದ. ವೈನಿ ಅಪ್ಪ ಬಿಟ್ಟುಹೋದ ರೊಟ್ಟಿಯನ್ನು ತಾನೇ ತಿಂದಳು. ಇನ್ನು ಈ ಜನ್ಮದಲ್ಲಿ ಅಡುಗೆಯ ಬಗ್ಗೆ ಮಾತಾಡುವುದಿಲ್ಲವೆಂದು ನಾನು ಮನಸ್ಸಿನಲ್ಲೇ ಆಣೆ ಹಾಕಿಕೊಂಡೆ.

ಮರುದಿನ ಸೋಮವಾರ. ಬಳ್ಳಿಯಲ್ಲಿ ಉಳಿದಿದ್ದ ಒಂದೇ ಸೋರೆಕಾಯಿಯನ್ನು ವೈನಿ ಕೊಯ್ದು ಪಲ್ಯ ಮಾಡಿದಳು. ಸೋರೆಕಾಯಿ ಹೆಚ್ಚುವಾಗ ಅವ್ವ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ ಉಗುಳುತ್ತಿದ್ದಳು. ನೀರು ಕಂಡಿರದ ಬಳ್ಳಿಯ ಕಾಯಿ ಒಮ್ಮೊಮ್ಮೆ ವಿಷದಂತೆ ಕಹಿಯಾಗುತ್ತದೆ. ವೈನಿಗೂ ಇದು ಗೊತ್ತಿತ್ತು. ಆದರೆ ಅಂದು ಉಪವಾಸ.

ಮಧ್ಯಾಹ್ನ ಅಪ್ಪ ಮತ್ತು ನಾನು ಉಣ್ಣಲು ಕುಳಿತೆವು. ಮೊದಲ ತುತ್ತಿಗೇ ನನ್ನ ಬಾಯಿ ಕಹಿಯಾಗಿ ಕಣ್ಣಲ್ಲಿ ನೀರು ಬಂತು. ಅಪ್ಪನ ಕಡೆ ನೋಡಿದೆ. ಅವನ ದವಡೆ ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಿದ. ಮತ್ತೆ ಅಗಿದು ನುಂಗಿದ. ತಾಟಿನಲ್ಲಿದ್ದುದನ್ನು ಮುಗಿಸಿ, “ಇನ್ನೊಂದಿಷ್ಟು ಪಲ್ಯಾ ಹಾಕವಾ” ಎಂದ. ವೈನಿ ಖುಷಿಯಿಂದ ಎರಡು ಸೌಟು ಬಡಿಸಿದಳು. ಅದು ನನಗೆ ಕಲಿಸಿದ ಪಾಠವೆಂದು ನನಗೆ ತಿಳಿಯಿತು. ನಾನು ನನ್ನ ಪಾಲನ್ನು ಲಂಗದಲ್ಲಿ ಮುಚ್ಚಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದೆ.

ಕಚೇರಿಗೆ ಹೋದ ಅಪ್ಪನನ್ನು ಹೊತ್ತು ಇಳಿಯುವ ಮೊದಲೇ ಇಬ್ಬರು ಹಿಡಿದುಕೊಂಡು ಬಂದರು. ವಾಂತಿ ನಿಲ್ಲಲೇ ಇಲ್ಲ, ಕೊನೆಕೊನೆಗೆ ರಕ್ತ. ವಾಂತಿಭೇದಿಯ ಹೆದರಿಕೆಗೆ ನೆರೆಯವರು ಪಾತ್ರೆಗಳಲ್ಲಿ ಉಳಿದಿದ್ದನ್ನೆಲ್ಲ ಚೆಲ್ಲಿ ಬೂದಿ ಹಾಕಿ ತಿಕ್ಕಿದರು. ಡಾಕ್ಟರು ಬರುವ ಹೊತ್ತಿಗೆ ಅಪ್ಪನಿಗೆ ಎಚ್ಚರವಿರಲಿಲ್ಲ; ಏನು ಉಂಡಿದ್ದರು ಎಂದು ನಮ್ಮನ್ನು ಕೇಳಿದರು. ಸೋರಿಕಾಯಿ ಎಂದಳು ವೈನಿ. ಕಹಿ ಇತ್ತೇನು ಎಂದರು. ತಾನು ಉಪವಾಸ, ರುಚಿ ನೋಡಿಲ್ಲ ಎಂದಳು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

“ನಾ ಪಲ್ಯಾ ತಿಂದಿಲ್ರಿ. ಮಜ್ಜಿಗಿ ಕಲಸ್ಕೊಂಡು ಉಂಡೆ.”

ಯಾಕೆ ಹಾಗೆಂದೆ? ಹೆದರಿದ್ದೆ, ಅಷ್ಟೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂಬ ಹೆದರಿಕೆ. ಮರುದಿನ ಮಧ್ಯಾಹ್ನ ಅಪ್ಪ ತೀರಿಕೊಂಡ. ಅವ್ವ ಕುಷ್ಟಗಿಯಿಂದ ಬಂದು ಮುಟ್ಟುವುದರೊಳಗೆ ಮೈ ತಣ್ಣಗಾಗಿತ್ತು.

ಆ ಬೇಸಿಗೆಯಲ್ಲಿ ಊರಲ್ಲಿ ಅಲ್ಲಲ್ಲಿ ವಾಂತಿಭೇದಿಯೂ ಇತ್ತು. ಅರ್ಧ ಓಣಿ ವಾಂತಿಭೇದಿ ಎಂದಿತು, ಅರ್ಧ ಓಣಿ ಸೋರೆಕಾಯಿ ಎಂದಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ವಿಷವಾಗಬಹುದೆಂದು ಯಾರೂ ಹೇಳಿಲ್ಲ. ಅವ್ವ ಮಾತ್ರ ಎರಡು ಮಾತಾಡಲಿಲ್ಲ. ದಿನಕರ್ಮ ಮುಗಿದ ಮೇಲೆ ವೈನಿಯ ಕೈಯಿಂದ ಸೌಟು ಇಸಿದುಕೊಂಡಳು. “ಇನ್ನ ನೀ ಒಲಿ ಕಡೆ ಬರಬ್ಯಾಡ.”

ವೈನಿ ಅತ್ತು ಹೇಳಿದ್ದು ಒಂದೇ ಮಾತು. “ಮಾವಾರು ಕೇಳಿ ಹಾಕಿಸಿಕೊಂಡ್ರರಿ ಅತ್ತಿ. ಕಹಿ ಇದ್ದಿದ್ರ ಯಾರರ ಕೇಳಿ ಹಾಕಿಸಿಕೋತಾರೇನು?”

ಆರು ವರ್ಷ ಆ ಮಾತೇ ಆಕೆಯ ಆಧಾರ. ಹಿತ್ತಲಲ್ಲಿ ದುಡಿದಳು, ಕಾಯಿ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟಳು. ಹೆಚ್ಚಲು, ಬೀಸಲು, ಮುಸುರೆ ತಿಕ್ಕಲು ಆಕೆ ಬೇಕು. ಬೆಂಕಿಯ ಮುಂದೆ ಬೇಡ. ಓಣಿಯ ಹೆಂಗಸರು ಬದನೆಕಾಯಿ ಬೇಡಿ ಒಯ್ಯುತ್ತಿದ್ದರು, ಆದರೆ ಆಕೆ ಒಂದು ಲೋಟ ಮಜ್ಜಿಗೆ ಕೊಟ್ಟರೆ ಈಗ ತಾನೇ ಕುಡಿದು ಬಂದೆ ಎನ್ನುತ್ತಿದ್ದರು. ಅಣ್ಣ ಊರಿಗೆ ಬಂದರೂ ಅವ್ವನ ಕೈಯಲ್ಲೇ ಉಣ್ಣುತ್ತಿದ್ದ. ನೀರು ಹೊಯ್ಯುವಾಗ ವೈನಿ ಒಬ್ಬಳೇ ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. “ಕೇಳಿ ಹಾಕಿಸಿಕೊಂಡ್ರಲ್ಲ, ಹಂಗಾದ್ರ ಅದು ವಾಂತಿಭೇದಿನ.” ಕೇಳಿದಾಗೆಲ್ಲ ನಾನು ಕೊಡ ಎತ್ತಿಕೊಂಡು ಬಾವಿಯ ಕಡೆ ಹೋಗಿಬಿಡುತ್ತಿದ್ದೆ.

ರಜಾಕಾರರ ಗದ್ದಲ ಅಡಗಿದ ಮೇಲೆ ಸಿದ್ದಾಪುರದ ಮನೆತನಕ್ಕೆ ನನ್ನ ಮದುವೆ ಗೊತ್ತಾಯಿತು. ಅವ್ವನ ಕಣ್ಣು ಅಷ್ಟೊತ್ತಿಗೆ ಮಂಜಾಗಿತ್ತು; ವಯಸ್ಸಿಗೆ ಮನಸ್ಸೂ ಮೆತ್ತಗಾಗಿತ್ತೋ ಏನೋ. ಮದುವೆಗೆ ಎರಡು ದಿನ ಇದೆ ಎನ್ನುವಾಗ ಹೊಸ್ತಿಲಲ್ಲಿ ಕುಳಿತು ವೈನಿಗೆ ಹೇಳಿದಳು. “ಬೀಗರು ಬರ್ತಾರ. ಹೋಳಗಿ ನೀನ ಮಾಡು. ನಿನ್ನಂಗ ಯಾರಿಗೂ ಬರಂಗಿಲ್ಲ.”

ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಹಿತ್ತಲಿಗೆ ಹೋದಳು. ಹಿಂದೆಯೇ ನಾನೂ ಹೋದೆ. ಆಕೆ ಬಾಳೆ ಎಲೆ ಕೊಯ್ಯುತ್ತ ನಗುತ್ತಿದ್ದಳು. ಆರು ವರ್ಷದಲ್ಲಿ ಆ ನಗು ನೋಡಿರಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ. ಈ ಭಾರ ಹೊತ್ತು ಗಂಡನ ಮನೆಗೆ ಹೋಗಲಾರೆ ಎನಿಸಿತು. ಅಪ್ಪ ತಿಳಿದೇ ಉಂಡನೆಂದು ಗೊತ್ತಾದರೆ ಆಕೆಗೂ ಸಮಾಧಾನವಾದೀತೆಂದು ನನ್ನನ್ನು ನಾನೇ ನಂಬಿಸಿಕೊಂಡೆ.

“ವೈನಿ, ಆವತ್ತ ನಾನೂ ಪಲ್ಯಾ ಬಾಯಾಗ ಇಟ್ಟಿದ್ದೆ. ಕಹಿ ಇತ್ತು. ಅಪ್ಪಗೂ ಗೊತ್ತಾಗಿತ್ತು. ನನ್ನ ಮಾರಿ ನೋಡಿ, ನನಗ ಬುದ್ಧಿ ಬರಲಿ ಅಂತ ಬೇಕಂತನ ಮತ್ತ ಹಾಕಿಸಿಕೊಂಡ. ನಿನ್ನ ತಪ್ಪಲ್ಲ.”

ಆಕೆ ಕುಡುಗೋಲನ್ನು ಕೆಳಗಿಟ್ಟಳು.

“ಹಂಗಾದ್ರ ಕಹೀನ ಇತ್ತು,” ಎಂದಳು. ತನ್ನ ಕೈ ನೋಡಿಕೊಂಡು, “ನಾನ ನೀಡಿದ್ನಲ್ಲ, ಎರಡು ಸೌಟು,” ಎಂದಳು.

ಆಗ ತಿಳಿಯಿತು ನಾನು ಏನು ಮಾಡಿದೆನೆಂದು. ಆರು ವರ್ಷ ಆಕೆ ಹಿಡಿದುಕೊಂಡಿದ್ದ ಒಂದೇ ಒಂದು ಮಾತನ್ನು, ನನ್ನ ಎದೆ ಹಗುರಾಗಲೆಂದು ಕಿತ್ತುಕೊಂಡಿದ್ದೆ. ತಪ್ಪಾಯಿತು ಎನ್ನಲು ಹೋದೆ. ಆಕೆ ಎಲೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮದುವೆಯ ದಿನ ಬೆಳಿಗ್ಗೆ ಬೇಳೆ ಬೆಂದಿತ್ತು, ಬೆಲ್ಲ ಕುಟ್ಟಿಯಾಗಿತ್ತು, ಒಲೆ ಉರಿಯುತ್ತಿತ್ತು. ಅವ್ವ ಮಣೆ ಹಾಕಿ ಕರೆದಳು. ವೈನಿ ಹೊಸ್ತಿಲು ದಾಟಲಿಲ್ಲ.

“ಬ್ಯಾಡ್ರಿ ಅತ್ತಿ. ನನ್ನ ಕೈ ಬ್ಯಾಡ.”

ಅವ್ವ ಎರಡು ಸಲ ಕರೆದಳು, ಮೂರನೆಯ ಸಲ ಸಿಟ್ಟಾದಳು. ಮಂಜು ಕಣ್ಣಿನಲ್ಲೇ ಹಂಚಿನ ಮುಂದೆ ಕುಳಿತು ಹೂರಣ ತುಂಬತೊಡಗಿದಳು. “ನಾನಾಗಿ ಕರದ್ರೂ ಬರಂಗಿಲ್ಲ, ನೋಡಿದೇನ ಸೊಕ್ಕು?” ಎಂದು ನನ್ನನ್ನು ಕೇಳಿದಳು.

ನಾನು ಅರಿಶಿನದ ಕೈ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದೆ.