ಪಕ್ಕದ ಸೀಟಿನ ಮಾತು

ಕರೆಂಟಣ್ಣನ ಷೆಡ್ಡಿಗೆ ಮೊದಲ ಸಲ ಗಾಡಿ ತಂದವರಿಗೆ, ಈ ಮನುಷ್ಯನಿಗೆ ಕೆಲಸ ಬರುತ್ತದೋ ಇಲ್ಲವೋ ಎಂಬ ಅನುಮಾನ ಬಾರದೆ ಇರುತ್ತಿರಲಿಲ್ಲ. ಬಾನೆಟ್ ಎತ್ತುವುದು ಹಾಗಿರಲಿ, ಆತ ಕೂತ ಸ್ಟೂಲಿನಿಂದ ಏಳುತ್ತಲೇ ಇರಲಿಲ್ಲ. ಹಳೆಯ ವೈರಿನ ಸಿಪ್ಪೆ ಸುಲಿಯುತ್ತ, ತಲೆಯೆತ್ತದೆ, "ಪಕ್ಕದ ಸೀಟಲ್ಲಿ ಯಾರು ಕೂರ್ತಾರೆ?" ಎಂದು ಕೇಳುತ್ತಿದ್ದ. ಹೆಂಡತಿ ಎಂದರೆ ಹೆಂಡತಿಯನ್ನು, ಅಪ್ಪ ಎಂದರೆ ಅಪ್ಪನನ್ನು ಕರೆತರಬೇಕು. ಆಗದಿದ್ದರೆ ಫೋನಿನಲ್ಲಾದರೂ ಮಾತಾಡಿಸಬೇಕು.

"ಓಡಿಸೋನು ತನ್ನ ತಪ್ಪು ಮುಚ್ಚಿಟ್ಟುಕೊಂಡೇ ಬಾಯಿ ಬಿಡ್ತಾನೆ ಸ್ವಾಮಿ. ಪಕ್ಕದಲ್ಲಿ ಕೂತವರಿಗೆ ಆ ಉಸಾಬರಿ ಇಲ್ಲ. ಅವರ ಕಣ್ಣು, ಕಿವಿ, ಮೂಗು ಎಲ್ಲ ಬಿಡುವಾಗಿರುತ್ತೆ."

ಮಾತೇನು ಸುಳ್ಳಲ್ಲ. "ಎಡಕ್ಕೆ ತಿರುಗಿದಾಗ ಮಾತ್ರ ಏನೋ ಸುಟ್ಟ ವಾಸನೆ ಬರುತ್ತಪ್ಪಾ" ಎಂದು ಯಾರದೋ ಅಜ್ಜಿ ಹೇಳಿದ ಒಂದೇ ಮಾತು ಹಿಡಿದು, ಬೇರೆಯವರು ಕೈಬಿಟ್ಟ ಗಾಡಿಯನ್ನು ಆತ ಸರಿಮಾಡಿ ಕಳಿಸಿದ್ದುಂಟು. ಬ್ಯಾಟರಿ, ಸ್ಟಾರ್ಟರು, ಲೈಟು, ಹಾರನ್ನು ಎಂದು ಗಾಡಿಯಲ್ಲಿ ಕರೆಂಟು ಹರಿಯುವ ಕಡೆಯೆಲ್ಲ ಅವನದೇ ಕಾರುಬಾರು. ಹೆಸರೂ ಹಾಗೇ ಬಂದದ್ದು. ಇಷ್ಟೆಲ್ಲ ಬಲ್ಲವನಿಗೆ ತನ್ನ ಮನೆಯವರೇ ಕೂರುತ್ತಿದ್ದ ಸೀಟೊಂದು ಕಾಣಲಿಲ್ಲವಲ್ಲ, ಅದಕ್ಕೇನು ಹೇಳೋಣ!

ಅವನಿಗಿದ್ದವಳು ಒಬ್ಬಳೇ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಬೈದು, ತಿದ್ದಿ ಮನುಷ್ಯನನ್ನಾಗಿ ಮಾಡಿದವಳು. ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಉದ್ದನೆಯ ಮೇಜು, ಅದರ ಮೇಲೆ ಮಡಚಿ ಹಾಸಿದ ಹಳೇ ಕಂಬಳಿ, ಕಿಟಕಿಯಲ್ಲಿ ನೀರು ಚಿಮುಕಿಸುವ ಡಬ್ಬಿ. ಪೆಟ್ಟಿಗೆ ಎಷ್ಟು ಕಾದಿದೆ ಎಂದು ತಿಳಿಯಲು ಅವಳು ಬೆರಳನ್ನು ಅದರ ಹತ್ತಿರ ಒಯ್ದರೆ ಸಾಕಾಗಿತ್ತು. ಇದು ರೇಷ್ಮೆಗೆ ಆದೀತು, ಇದು ಹತ್ತಿಗೆ ಸಾಲದು ಎಂದು ಹೇಳಿಬಿಡುತ್ತಿದ್ದಳು. ಅವಳ ಕೈಯಲ್ಲಿ ಒಬ್ಬರ ಬಟ್ಟೆಯೂ ಸುಟ್ಟಿದ್ದಿಲ್ಲ.

ಭಾವ ಬೋರ್ಡು ಬರೆಯುವವರು. ಊರಿನ ಅರ್ಧ ಅಂಗಡಿಗಳ ಹಣೆಯ ಮೇಲೆ ಅವರದೇ ಅಕ್ಷರ. ಅಂಥವರು ಗುಜರಿಯಲ್ಲಿ ಬಿದ್ದಿದ್ದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಗೆ ಎಳೆದು ತಂದಾಗ ನೆರೆಯವರು, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಆಡಿಕೊಂಡು ನಕ್ಕರು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಗಾಡಿ. ಭಾವ ಅದನ್ನು ಒಂದು ತಿರುಪೂ ಬಿಡದೆ ಬಿಚ್ಚಿದರು. ಎಂಜಿನ್ ಇಳಿಸಿದರು. ಕಾಣುವ ಜಾಗಕ್ಕೂ ಕಾಣದ ಜಾಗಕ್ಕೂ ಎಲೆಹಸಿರು ಬಣ್ಣ ಬಳಿದರು. "ಎಲ್ಲೂ ಕಬ್ಬಿಣ ಕಾಣಬಾರ್ದು ಕಣಯ್ಯಾ" ಎನ್ನುವುದು ಅವರ ಹಟ. ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳಲೆಂದು ಎಳೆಯುವ ಚೋಕಿನ ಹಿಡಿಯನ್ನೂ ಹಿತ್ತಾಳೆಯಲ್ಲಿ ಮಾಡಿಸಿ ಹಾಕಿಸಿದರು. ಗಾಡಿ ಹೊರಡಿಸುವುದು ಗಂಡಹೆಂಡಿರ ಜಂಟಿ ಕೆಲಸ. ಭಾವ ಬೀಗದಕೈ ತಿರುಗಿಸಬೇಕು, ಪಕ್ಕದ ಸೀಟಿನಿಂದ ಅಕ್ಕ ಚೋಕ್ ಎಳೆದು ಹಿಡಿದಿರಬೇಕು.

ಅಷ್ಟು ಮುದ್ದಿನ ಗಾಡಿಗೆ ಒಂದು ಕೆಟ್ಟ ರೋಗ ಹತ್ತಿಕೊಂಡಿತ್ತು. ಕೆಲವು ದಿನ ಮುಟ್ಟಿದರೆ ಸಾಕು, ಸ್ಟಾರ್ಟ್ ಆಗುತ್ತಿತ್ತು. ಕೆಲವು ದಿನ 'ಟಿಕ್' ಎಂದು ಸುಮ್ಮನಾಗುತ್ತಿತ್ತು. ಲೈಟು ಝಗಮಗ, ಹಾರನ್ನು ಜೋರು, ಎಂಜಿನ್ ಮಾತ್ರ ಮಿಸುಕುವುದಿಲ್ಲ. ಬ್ಯಾಟರಿ ಬದಲಾಯಿತು, ಸ್ಟಾರ್ಟರು ಬದಲಾಯಿತು. ಕರೆಂಟಣ್ಣ ನೋಡಲು ಬಂದಾಗಲಂತೂ ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ ಒಂದೇ ಕೂಗಿಗೆ ಓಗೊಡುತ್ತಿತ್ತು. "ಗಾಡಿಗೇನೂ ಆಗಿಲ್ಲ ಭಾವ, ನಿಮ್ಮ ಮುಖ ಕಂಡ್ರೆ ಅದಕ್ಕಾಗಲ್ಲ ಅಷ್ಟೆ" ಎಂದು ಚೇಷ್ಟೆ ಮಾಡಿ ಹೋಗುತ್ತಿದ್ದ. ಎರಡು ಮೂರು ಸಲ ತಿರುಗಿಸಿದರೆ ಹೇಗೂ ಹತ್ತುತ್ತದೆಂದು ಭಾವನೂ ಅದಕ್ಕೆ ಒಗ್ಗಿಕೊಂಡರು.

ಒಂದು ಬೆಳಿಗ್ಗೆ ಅಕ್ಕನಿಗೆ ಇಸ್ತ್ರಿ ಮಾಡುತ್ತಿದ್ದಂತೆಯೇ ಎದೆ ಹಿಡಿದುಕೊಂಡಿತು. ಭಾವ ಅವಳನ್ನು ಗಾಡಿಯಲ್ಲಿ ಕೂರಿಸಿದರು. ಬೀಗದಕೈ ತಿರುಗಿಸಿದರು. ಟಿಕ್. ಇನ್ನೊಂದು ಸಲಕ್ಕೆ ಹತ್ತುತ್ತೆ ಎಂದರು. ಟಿಕ್. ಹತ್ತೇ ಹತ್ತುತ್ತೆ ಎಂದರು. ಕೊನೆಗೆ ಬೀದಿಗೆ ಓಡಿ ಯಾರದೋ ಸಾಮಾನಿನ ಗಾಡಿ ನಿಲ್ಲಿಸಿ ಆಸ್ಪತ್ರೆ ಮುಟ್ಟಿಸುವ ಹೊತ್ತಿಗೆ ಡಾಕ್ಟರು, "ಸ್ವಲ್ಪ ಮುಂಚೆ ತಂದಿದ್ರೆ ನೋಡಬಹುದಿತ್ತು" ಎಂದುಬಿಟ್ಟರು.

ಕರೆಂಟಣ್ಣ ಬಂದಾಗ ಅಕ್ಕ ಬಿಳಿ ಹೊದಿಕೆಯ ಕೆಳಗಿದ್ದಳು. ಹೊರಗೆ ಚಾಚಿದ್ದ ಕೈಯನ್ನು ಹಿಡಿದುಕೊಂಡ. ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಕೆಂಪಗೆ ಸುಟ್ಟ ಕಲೆ. ಸಾಯುವ ಹೊತ್ತಿನಲ್ಲೂ ಇಸ್ತ್ರಿ ಬಿಡಲಿಲ್ಲವಲ್ಲೇ ತಾಯಿ ಎಂದು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಎಲ್ಲರ ಎದುರಿಗೇ ತಿರುಗಿ, "ನಿಮಗೆ ಅಕ್ಕನಿಗಿಂತ ಆ ಗಾಡಿಯೇ ಹೆಚ್ಚಾಯ್ತಲ್ಲ ಭಾವ" ಎಂದ. ಭಾವ ತಲೆ ತಗ್ಗಿಸಿ ನಿಂತರು. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು.

ಒಂದೆರಡು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಭಾವ ನಡೆದುಕೊಂಡೇ ಷೆಡ್ಡಿಗೆ ಬಂದರು. ಆಳು ಅರ್ಧವಾಗಿದ್ದರು. ಕೂರಿ ಎಂದು ಕರೆಂಟಣ್ಣ ಹೇಳಲಿಲ್ಲ, ಅವರೂ ಕೂರಲಿಲ್ಲ.

"ಕಣ್ಣು ಮಂಜಾಗಿದೆ. ಬೋರ್ಡು ಬರೆಯೋದು ಬಿಟ್ಟೆ, ಗಾಡಿನೂ ಇನ್ನು ಮುಟ್ಟಲ್ಲ" ಎಂದರು. "ಆದ್ರೆ ಅವತ್ತು ಅದು ಯಾಕೆ ಹಾಗೆ ಮಾಡ್ತು ಅಂತ ಗೊತ್ತಾಗದೆ ನನಗೆ ಸಾಯೋಕ್ಕೂ ಆಗಲ್ಲ ಕಣಯ್ಯಾ. ಬಂದು ನೋಡು. ತಪ್ಪು ನನ್ನದೇ ಆಗಿದ್ರೆ ನನ್ನದೇ ಅಂತ ಹೇಳಿಬಿಡು. ನಿನ್ನ ಬಾಯಿಂದಲೇ ಕೇಳ್ಬೇಕು."

ಕರೆಂಟಣ್ಣ ಹೊಸ ಬ್ಯಾಟರಿ ಹೊತ್ತುಕೊಂಡು ಹೊರಟ. ಕರುಣೆಯಿಂದ ಹೊರಟ ಎಂದುಕೊಳ್ಳಬೇಡಿ. ತಪ್ಪು ಭಾವನದೇ ಎಂದು ಬೆರಳಿಟ್ಟು ತೋರಿಸಬೇಕು, ಎದೆಯಲ್ಲಿ ಕುದಿಯುತ್ತಿರುವುದು ಆಗಲಾದರೂ ತಣ್ಣಗಾದೀತು ಎಂಬ ಹಟ ಅವನದು.

ಇಸ್ತ್ರಿ ಕೋಣೆಯನ್ನು ದಾಟಿಯೇ ಗಾಡಿ ನಿಲ್ಲಿಸಿದ್ದ ಹಿತ್ತಲಿಗೆ ಹೋಗಬೇಕು. ಮೇಜಿನ ಮೇಲೆ ಕಂಬಳಿ ಹಾಗೇ ಇತ್ತು. ಪೆಟ್ಟಿಗೆಗೆ ಒಂದು ಬಟ್ಟೆ ಮುಚ್ಚಿತ್ತು. ಅವನು ಆ ಕಡೆ ನೋಡದೆ ದಾಟಿದ. ಬ್ಯಾಟರಿ ಜೋಡಿಸಿ, ಒಣಗಿದ್ದ ಟ್ಯಾಂಕಿಗೆ ಪೆಟ್ರೋಲು ಸುರಿದು, ಅಭ್ಯಾಸಬಲದಿಂದ, "ಪಕ್ಕದ ಸೀಟಲ್ಲಿ ಯಾರು..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡ.

ಭಾವ ಖಾಲಿ ಸೀಟನ್ನೇ ನೋಡುತ್ತ, "ಕೇಳೋಕೆ ಅವಳಿಲ್ಲವಲ್ಲ" ಎಂದರು.

ಬಿಸಿಲಿಗೆ ಕಾದಿದ್ದ ಗಾಡಿ ಚೋಕ್ ಎಳೆಯದೆಯೇ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅದರ ಬುದ್ಧಿ ಬಿಟ್ಟೀತೇ! ಆರಿಸಿದರು, ಮತ್ತೆ ಆಯಿತು. ತಣ್ಣಗಾಗಲೆಂದು ಇಬ್ಬರೂ ಗೋಡೆಯ ನೆರಳಿನಲ್ಲಿ ಕಾದರು. ಬಿಸಿಲು ಇಳಿಯುವ ಹೊತ್ತಿಗೆ ಭಾವ ಮತ್ತೆ ಬೀಗದಕೈ ತಿರುಗಿಸಿದರು.

ಟಿಕ್.

"ಬಿಡಬೇಡಿ, ತಿರುಗಿಸ್ತಾನೇ ಇರಿ" ಎಂದು ಕರೆಂಟಣ್ಣ ಓಡಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಲೈಟು ಹಾಕಿ ನೋಡಿದ, ಮಂಕಾಗಿಲ್ಲ. ಅಂದರೆ ಬ್ಯಾಟರಿಯದು ತಪ್ಪಿಲ್ಲ. ಚೋಕ್ ಹಿಡಿಯುವವರು ಯಾರೂ ಇರಲಿಲ್ಲವಾದ್ದರಿಂದ ತಾನೇ ಹಿತ್ತಾಳೆಯ ಹಿಡಿಯನ್ನು ಎಳೆದು ಹಿಡಿದ. ಟಿಕ್. ಟಿಕ್. ಟಿಕ್. ಹಿಡಿ ಬೆಚ್ಚಗಾಯಿತು. ನೋಡುನೋಡುತ್ತಿದ್ದಂತೆ ಕಾದ ಕಬ್ಬಿಣವಾಯಿತು.

"ಅಯ್ಯೋ!" ಎಂದು ಕೈ ಕಿತ್ತುಕೊಂಡ. ಹೆಬ್ಬೆರಳು, ತೋರುಬೆರಳುಗಳ ತುದಿ ಕೆಂಪಗಾಗಿತ್ತು.

ಆಸ್ಪತ್ರೆಯ ಹೊದಿಕೆಯ ಹೊರಗಿದ್ದ ಕೈಯಲ್ಲಿ ಕಂಡದ್ದು ಇದೇ ಕಲೆ, ಇದೇ ಎರಡು ಬೆರಳು. ಅದು ಇಸ್ತ್ರಿಯ ಕಲೆಯಲ್ಲ. ಇಸ್ತ್ರಿಯಲ್ಲಿ ಅವಳು ಯಾವತ್ತು ಕೈ ಸುಟ್ಟುಕೊಂಡಿದ್ದಳು?

ಆಗ ಆ ಮಾತು ನೆನಪಾಯಿತು. ಯಾವುದೋ ಒಂದು ಭಾನುವಾರ ಅಕ್ಕ ಬಟ್ಟೆ ಮಡಚುತ್ತ ಹೇಳಿದ್ದಳು: "ಆ ಚೋಕ್ ಹಿಡಿ ಸುಡುತ್ತೆ ಕಣೋ. ದಿನಾ ಅಲ್ಲ, ಗಾಡಿ ಸ್ಟಾರ್ಟ್ ಆಗದ ದಿನ ಮಾತ್ರ." ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ದಿನವೆಲ್ಲ ಇಸ್ತ್ರಿ ಪೆಟ್ಟಿಗೆ ಹಿಡಿಯೋಳಿಗೆ ಮುಟ್ಟಿದ್ದೆಲ್ಲ ಬಿಸಿನೇ ಬಿಡಕ್ಕಾ!" ಅವಳೂ ನಕ್ಕು, ಆ ಮಾತನ್ನು ಮತ್ತೆ ಎತ್ತಲಿಲ್ಲ.

ಬೇರೆ ಯಾರದೋ ಹೆಂಡತಿ, ಯಾರದೋ ಅಜ್ಜಿ ಅದೇ ಮಾತು ಹೇಳಿದ್ದರೆ ಅವನು ಸ್ಟೂಲಿನಿಂದ ಜಿಗಿದೇಳುತ್ತಿದ್ದ. ಏಕೆಂದರೆ ರೋಗವೆಲ್ಲ ಆ ಮಾತಿನಲ್ಲೇ ಇತ್ತು. ಬ್ಯಾಟರಿಯಿಂದ ಹೊರಟ ಕರೆಂಟು ಸ್ಟಾರ್ಟರಿಗೆ ಹೋಗಿ ಮತ್ತೆ ವಾಪಸ್ ಬರಬೇಕು. ಬರಲು ಎಂಜಿನ್ನಿಗೂ ಗಾಡಿಯ ಮೈಗೂ ನಡುವೆ ದಪ್ಪನೆಯದೊಂದು ಅರ್ತಿಂಗ್ ಪಟ್ಟಿ ಇರುತ್ತದೆ. ಆ ದಾರಿ ಕಟ್ಟಿದರೆ ಕರೆಂಟು ಸಿಕ್ಕ ಸಿಕ್ಕ ಸಣ್ಣ ವೈರಿನಲ್ಲಿ ನುಸುಳುತ್ತದೆ. ಎಂಜಿನ್ನಿನಿಂದ ಹಿಡಿಯವರೆಗೆ ಬರುವ ಚೋಕಿನ ವೈರು ಕಾಯುವುದು ಹಾಗೆ. ಪಟ್ಟಿ ಅಷ್ಟಿಷ್ಟು ತಾಗಿದ ದಿನ ಗಾಡಿ ಹೊರಡುತ್ತದೆ, ತಾಗದ ದಿನ ಇಲ್ಲ.

ಕರೆಂಟಣ್ಣ ಗಾಡಿಯ ಕೆಳಗೆ ತೂರಿ ಪಟ್ಟಿಯ ಬೋಲ್ಟು ಬಿಚ್ಚಿದ. ಅದರಡಿಯಲ್ಲಿ ಕಬ್ಬಿಣ ಇರಲಿಲ್ಲ. ನಿನ್ನೆ ಬಳಿದ ಹಾಗೆ ಹೊಳೆಯುವ ಎಲೆಹಸಿರು ಬಣ್ಣವಿತ್ತು. ಬೋಲ್ಟಿನ ಅಂಚು ಕೊರೆದ ಕಡೆ ಮಾತ್ರ ಕೂದಲೆಳೆಯಷ್ಟು ಬಿಳುಪು.

ಅವನು ಬಯಸಿ ಬಂದದ್ದು ಸಿಕ್ಕಿತ್ತು. ತಪ್ಪು ಭಾವನದೇ, ಅವರ ಬಣ್ಣದ್ದೇ. ಬೆರಳಿಟ್ಟು ತೋರಿಸಬಹುದಿತ್ತು. ಆದರೆ ಆ ಬೆರಳು ಉರಿಯುತ್ತಿತ್ತಲ್ಲ! ಹೊರಗೆ ಬಂದು, ನೆಲದ ಮೇಲೆ ಕುಸಿದು ಕೂತ.

"ಹೇಳಯ್ಯಾ" ಎಂದರು ಭಾವ. "ನನ್ನದೇ ತಾನೆ?"

"ಪಟ್ಟಿಯಡಿಗೆ ನೀವು ಬಣ್ಣ ಬಳಿದಿದ್ದೀರಿ ಭಾವ. ಬಣ್ಣದೊಳಗೆ ಕರೆಂಟು ಹರಿಯಲ್ಲ, ಅದಕ್ಕೆ ವಾಪಸ್ ಬರೋ ದಾರಿ ಇರಲಿಲ್ಲ. ಚೋಕ್ ಕಾಯ್ತಿದ್ದದ್ದು ಅದಕ್ಕೇ." ಅವನು ಸುಟ್ಟ ಬೆರಳುಗಳನ್ನು ಮುಂದೆ ಚಾಚಿದ. "ಆದ್ರೆ ಅಕ್ಕ ನನಗೆ ಹೇಳಿದ್ಲು. ಸ್ಟಾರ್ಟ್ ಆಗದ ದಿನ ಕೈ ಸುಡುತ್ತೆ ಅಂತ ಬಾಯಿಬಿಟ್ಟು ಹೇಳಿದ್ಲು. ಊರವರ ಮಾತೆಲ್ಲ ಕೇಳೋನು ನಾನು, ಅವಳ ಮಾತಿಗೆ ನಕ್ಕುಬಿಟ್ಟೆ. ನಿಮ್ಮ ಮೇಲೆ ಹಾಕಿ ಇಷ್ಟು ದಿನ ಹಾಯಾಗಿದ್ದೆ. ನನ್ನನ್ನ ಏನು ಬೇಕಾದ್ರೂ ಅನ್ನಿ ಭಾವ."

ಭಾವ ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.

"ನನಗೂ ಹೇಳಿದ್ಲು ಕಣೋ" ಎಂದರು. "ಬಟ್ಟೇಲಿ ಹಿಡ್ಕೋ ಅಂದೆ."

ಆ ಮಾತಿಗೆ ಕರೆಂಟಣ್ಣನ ದುಃಖದ ಕಟ್ಟೆಯೊಡೆಯಿತು. ಭಾವನ ತೊಡೆಯ ಮೇಲೆ ತಲೆಯಿಟ್ಟು, ಆಸ್ಪತ್ರೆಯಲ್ಲೂ ಅಳದಷ್ಟು ಅತ್ತ. ಭಾವ ಅವನ ಬೆನ್ನು ಸವರುತ್ತ, ತಾವೂ ಅಳುತ್ತ ಕೂತರು.

ಕತ್ತಲಾಗುವ ಮುಂಚೆ ಭಾವ ಉಪ್ಪುಕಾಗದ ಕೇಳಿ ಇಸಿದುಕೊಂಡರು. ಕಣ್ಣು ಸರಿಯಾಗಿ ಕಾಣದಿದ್ದರೂ ತಾವು ಬಳಿದ ಬಣ್ಣವನ್ನು ತಾವೇ ಉಜ್ಜಿದರು. ಕೈಯಾಡಿಸಿ ನೋಡಿ, ಮತ್ತೆ ಉಜ್ಜಿ, ಬೆತ್ತಲೆ ಕಬ್ಬಿಣ ಹೊಳೆಯುವ ತನಕ ಬಿಡಲಿಲ್ಲ. ಕರೆಂಟಣ್ಣ ಬೋಲ್ಟು ಬಿಗಿದ. ಇಬ್ಬರೂ ಗಾಡಿಯಲ್ಲಿ ಕೂತರು. ಬೀಗದಕೈ ತಿರುಗಿತು, ಗಾಡಿ ಸ್ಟಾರ್ಟ್ ಆಯಿತು. ಭಾವ ಆರಿಸಿ ಮತ್ತೆ ತಿರುಗಿಸಿದರು. ಆಯಿತು. ಮತ್ತೆ ಆರಿಸಿದರು, ಮತ್ತೆ ತಿರುಗಿಸಿದರು.

"ಸಾಕು ಭಾವ, ಇನ್ನು ಬಿಡಿ" ಎಂದ ಕರೆಂಟಣ್ಣ.

ಅವರು ಬಿಡಲಿಲ್ಲ. ಗಾಡಿಯೂ ಒಂದು ಸಲವಾದರೂ ಕೈಕೊಡಲಿಲ್ಲ. ಅಕ್ಕನ ಸೀಟಿನಲ್ಲಿ ಕೂತಿದ್ದ ಕರೆಂಟಣ್ಣ, ಸುಟ್ಟ ಬೆರಳಿನಲ್ಲೇ ಚೋಕಿನ ಹಿಡಿಯನ್ನು ಹಿಡಿದುಕೊಂಡಿದ್ದ. ಅದು ತಣ್ಣಗಿತ್ತು.